ಉತ್ತರ: ‘ಡಿಸ್‌ಇನ್‌ಫ್ಲೇಷನ್’ಗೆ ಕನ್ನಡ ಪದ (ಯೂರೋ ವಲಯದ ಮುನ್ನೋಟ, ಇಂದೇ ಬೇಕು)

ಯೂರೋ ವಲಯದ, ಅಂದರೆ ಯೂರೋ ಹಣ ಬಳಸುವ ದೇಶಗಳ, ಆರ್ಥಿಕ ಮುನ್ನೋಟವನ್ನು ಅನುವಾದಿಸುತ್ತ ‘ಡಿಸ್‌ಇನ್‌ಫ್ಲೇಷನ್’ಗೆ (ಬೆಲೆಯೇರಿಕೆಯ ವೇಗ ತಗ್ಗುವುದಕ್ಕೆ) ಯಾವ ಕನ್ನಡ ಪದ ಎಂದು ಕೇಳಿದ್ದೀರಿ. ಅನುವಾದ ಇಂದು ರಾತ್ರಿ ಅಚ್ಚಿಗೆ ಹೋಗಬೇಕು ಎಂದಿದ್ದೀರಿ, ಆದ್ದರಿಂದ ಮೊದಲು ಉತ್ತರ. ‘ಹಣದುಬ್ಬರವಿಳಿತ’ ಬೇಡವೇ ಬೇಡ. ‘ಹಣದುಬ್ಬರದ ತಗ್ಗಿಕೆ’ ಎಂದು ಬರೆಯಿರಿ. ಶೀರ್ಷಿಕೆಯ ‘ಮುನ್ನೋಟ’ ಚೆನ್ನಾಗಿದೆ, ಅದನ್ನು ಮುಟ್ಟಬೇಡಿ.

‘ಹಣದುಬ್ಬರವಿಳಿತ’ ಎಂದರೆ ಪತ್ರಿಕೆ ಓದುವವರಿಗೆ ಬೆಲೆಗಳೇ ಕುಸಿಯುವುದು, ಅಂದರೆ ಡಿಫ್ಲೇಷನ್. ಯೂರೋ ವಲಯ ಅದನ್ನೂ ಕಂಡಿದೆ: 2014ರ ಡಿಸೆಂಬರ್‌ನಲ್ಲಿ ಹಣದುಬ್ಬರದ ದರ ಸೊನ್ನೆಗಿಂತ ಕೆಳಗೆ, ಶೇ 0.2ರಷ್ಟು ಇಳಿದಿತ್ತು. ನಿಮ್ಮ ಲೇಖನದ ವಿಷಯ ಅದಲ್ಲ. 2022ರ ಅಕ್ಟೋಬರ್‌ನಲ್ಲಿ ಶೇ 10.6 ಮುಟ್ಟಿದ್ದ ಹಣದುಬ್ಬರ 2025ರ ಕೊನೆಗೆ ಶೇ 2ರ ಆಸುಪಾಸಿಗೆ ಬಂದಿತ್ತು. 2026ಕ್ಕೆ ಯುರೋಪಿನ ಕೇಂದ್ರ ಬ್ಯಾಂಕು 2025ರ ಡಿಸೆಂಬರಿನಲ್ಲಿ ಕೊಟ್ಟ ಅಂದಾಜು ಶೇ 1.9. ಆ ಲೆಕ್ಕದಲ್ಲಿ ನೂರು ಯೂರೋದ ಸಾಮಾನಿಗೆ ವರ್ಷದ ನಂತರ ಸುಮಾರು 101 ಯೂರೋ 90 ಸೆಂಟ್ ಕೊಡಬೇಕು. ಇಳಿದದ್ದು ಏರಿಕೆಯ ವೇಗವೇ ಹೊರತು ಬೆಲೆಯಲ್ಲ.

‘ಉಬ್ಬು’ವಿನಿಂದ ಬಂದ ‘ಉಬ್ಬರ’ ಕಡಲ ಮಾತು. ಇಳಿತವೆಂದರೆ ನೀರು ಹಿಂದೆ ಸರಿಯುವುದು ಎಂದು ಕರಾವಳಿಯ ಮಕ್ಕಳೂ ಹೇಳುತ್ತಾರೆ. ಇಲ್ಲಿ ನೀರು ಇನ್ನೂ ಏರುತ್ತಿದೆ, ನಿಧಾನವಾಗಿ. ‘ಉಬ್ಬರ’, ‘ಇಳಿತ’ ಎಂಬ ಇಷ್ಟು ನಿಖರವಾದ ಜೋಡಿಪದ ಕೈಯಲ್ಲಿರುವಾಗ ಅದನ್ನು ಕೆಡಿಸುವುದು ನನಗೆ ಸಹಿಸದು.

‘ಅಪಸ್ಫೀತಿ’ ಸೂಚಿಸಿದವರಿಗೆ: ಅದು ಹಿಂದಿಯ ಕಡತದ ಪದ. ಅಲ್ಲಿ ಅದಕ್ಕೆ ‘ಮುದ್ರಾಸ್ಫೀತಿ’ಯ (ಹಣದುಬ್ಬರ) ಜೊತೆಯಿದೆ, ಇಲ್ಲಿ ಯಾರೂ ಇಲ್ಲ. ಮೇಲಾಗಿ ಅದರ ಅರ್ಥವೂ ಡಿಫ್ಲೇಷನ್ನೇ. ಇಂಗ್ಲಿಷ್ ಪದವನ್ನೇ ಇಟ್ಟುಕೊಳ್ಳೋಣ ಎಂದವರ ವಾದವನ್ನೂ ಒಪ್ಪುವುದಿಲ್ಲ. ಎರವಲಿಗೆ ನನ್ನ ವಿರೋಧವಿಲ್ಲ. ‘ಬ್ಯಾಂಕು’, ‘ಷೇರು’, ‘ಸಾಲ’, ‘ಬಡ್ಡಿ’ ಎಲ್ಲವೂ ಒಂದೇ ವಾಕ್ಯದಲ್ಲಿ ಹೊಂದಿಕೊಂಡು ಕೂರುತ್ತವೆ, ಏಕೆಂದರೆ ಜನ ಅವನ್ನು ಆಡುತ್ತಾರೆ. ಡಿಸ್‌ಇನ್‌ಫ್ಲೇಷನ್ ಎಂದು ಸಂತೆಯಲ್ಲಿ ಯಾರು ಆಡುತ್ತಾರೆ? ಶುದ್ಧ ಕನ್ನಡದ ಹೆಸರಿನಲ್ಲಿ ‘ಬ್ಯಾಂಕು’ ತೆಗೆದು ‘ಹಣಮನೆ’ ಹಾಕಬೇಕೆನ್ನುವುದೂ ಅಷ್ಟೇ ನಿರರ್ಥಕ.

ವಾಕ್ಯದ ನಡುವೆ ನಾಮಪದ ತೊಡಕಾದರೆ ಕ್ರಿಯಾಪದಕ್ಕೆ ಬನ್ನಿ: ‘ಬೆಲೆಯೇರಿಕೆ ಇನ್ನಷ್ಟು ನಿಧಾನವಾಗಲಿದೆ’. ಕನ್ನಡ ಅಲ್ಲಿ ಸಲೀಸಾಗಿ ಉಸಿರಾಡುತ್ತದೆ.

ಇನ್ನೊಂದು. ನಿಮ್ಮ ಅನುವಾದದ ಮೂರನೆಯ ವಾಕ್ಯದಲ್ಲಿ ‘ಯೂರೋ ವಲಯದ 27 ದೇಶಗಳು’ ಎಂದಿದೆ. 27 ಯುರೋಪಿಯನ್ ಒಕ್ಕೂಟದ ಲೆಕ್ಕ. 2026ರ ಜನವರಿ 1ರಿಂದ ಬಲ್ಗೇರಿಯ ಸೇರಿ ಯೂರೋ ವಲಯದಲ್ಲಿ 21 ದೇಶಗಳು. ನೀವು ಉದಾಹರಣೆಗೆ ಕೊಟ್ಟಿರುವ ಪೋಲೆಂಡನ್ನು ತೆಗೆದುಹಾಕಿ, ಅಲ್ಲಿ ಇಂದಿಗೂ ನಡೆಯುವುದು ಅವರದೇ ಹಣ, ಝ್ಲೋಟಿ.