ನಮ್ಮ ಮನೆಯವರ ಕೆಲಸ ಹೋಗಿದೆ, ಮಕ್ಕಳ ಶಾಲೆಗೆ ಏನು ಮಾಡಲಿ? ಬಳ್ಳಾರಿ ಕಡೆಯವರು ದಯವಿಟ್ಟು ಹೇಳಿ

ಬಳ್ಳಾರಿ ಸೊಸೆ:
ಎಲ್ಲರಿಗೂ ನಮಸ್ಕಾರ. ನಾನು ಈ ಗುಂಪಿನಲ್ಲಿ ಓದುವವಳೇ ಹೊರತು ಬರೆಯುವವಳಲ್ಲ. ಈಗ ಬೇರೆ ದಾರಿ ಕಾಣದೆ ಬರೆಯುತ್ತಿದ್ದೇನೆ. ನಾವು ಡಲ್ಲಾಸ್ ಹತ್ತಿರ ಇದ್ದೇವೆ. ಕಳೆದ ವಾರ ನಮ್ಮ ಮನೆಯವರನ್ನು ಕೆಲಸದಿಂದ ತೆಗೆದರು. ಅವರ ಟೀಮಿನಲ್ಲಿ ಅರ್ಧ ಜನ ಹೋದರು. ಈ ತಿಂಗಳ ಕೊನೆಯವರೆಗೆ ಸಂಬಳ ಕೊಡುತ್ತಾರಂತೆ. ಅದರ ಮೇಲೆ ಇಷ್ಟು ವಾರದ ದುಡ್ಡು ಕೊಡುತ್ತೇವೆ, ಸಹಿ ಮಾಡಿ ಅಂತ ಒಂದು ಕಾಗದ ಕಳಿಸಿದ್ದಾರೆ. ಅವರದು ಎಚ್-1ಬಿ, ಕಂಪನಿ ಮೂಲಕ ಸಿಗುವ ಕೆಲಸದ ವೀಸಾ. ನನ್ನದು, ಮಗನದು ಎಚ್-4, ಅವರ ವೀಸಾದ ಮೇಲೆ ಸಿಗುವ ಕುಟುಂಬದ ವೀಸಾ. ಗ್ರೀನ್ ಕಾರ್ಡ್‌ಗೆ ಕಂಪನಿ ಹಾಕಿದ ಐ-140 ಅರ್ಜಿ ಎರಡು ವರ್ಷದ ಹಿಂದೆಯೇ ಅಪ್ರೂವ್ ಆಗಿದೆ.

ಮಗ ಬಳ್ಳಾರಿಯಲ್ಲೇ ಹುಟ್ಟಿದವನು, ಇಲ್ಲಿ ನಾಲ್ಕನೇ ಕ್ಲಾಸು. ಮಗಳು ಹುಟ್ಟಿದ್ದು ಇಲ್ಲಿ, ಇನ್ನೂ ನಾಲ್ಕು ವರ್ಷ. ಕೆಲಸ ಹೋದ ಮೇಲೆ ಇಲ್ಲಿ 60 ದಿನ ಇರಬಹುದು ಅಂತಾರಲ್ಲ, ಅದನ್ನು ಯಾವತ್ತಿನಿಂದ ಎಣಿಸಬೇಕು? ಮಗನ ಶಾಲೆ ಮೇ ಕೊನೆಗೆ ಮುಗಿಯುತ್ತದೆ, ಅಲ್ಲಿಯವರೆಗೆ ಇರೋಕೆ ಆಗುತ್ತಾ? ವಾಪಸ್ ಬಂದರೆ ಬಳ್ಳಾರಿಯಲ್ಲಿ ಸೇರಿಸಿಕೊಳ್ಳುತ್ತಾರಾ? ಅವನಿಗೆ ಕನ್ನಡ ಮಾತಾಡೋಕೆ ಬರುತ್ತೆ, ಓದೋಕೆ ಬರೆಯೋಕೆ ಬರಲ್ಲ. ಅತ್ತೆ ಮಾವನಿಗೆ ಇನ್ನೂ ಹೇಳಿಲ್ಲ. ಮಾವನಿಗೆ ಬಿಪಿ ಇದೆ.

ಗಂಗಾವತಿ ಅಮ್ಮ:
ಧೈರ್ಯ ತಂದುಕೋ ಮಗಳೇ. ನಮ್ಮ ಮನೆಯವರಿಗೂ 2001ರಲ್ಲಿ ಹೀಗೇ ಆಗಿತ್ತು, ಡಾಟ್‌ಕಾಮ್ ಕಂಪನಿಗಳು ಸಾಲಾಗಿ ಮುಳುಗುತ್ತಿದ್ದ ಕಾಲ. ಆಗ ಈ 60 ದಿನವೂ ಇರಲಿಲ್ಲ, ಅದು ಬಂದಿದ್ದು 2017ರಲ್ಲಿ. ನಾವು ಸೂಟ್‌ಕೇಸ್ ಕಟ್ಟಿಟ್ಟುಕೊಂಡೇ ಮಲಗುತ್ತಿದ್ದೆವು. ದೇವರು ದೊಡ್ಡವನು, ಕೆಲಸ ಸಿಕ್ಕಿತು. ಈಗ ನಮ್ಮ ದೊಡ್ಡ ಮಗಳು ಡಾಕ್ಟರ್, ಚಿಕ್ಕವಳು ಲಾ ಓದುತ್ತಿದ್ದಾಳೆ. ಇಬ್ಬರೂ ವಚನ ಹೇಳುತ್ತಾರೆ. ಮಗನಿಗೆ ಕನ್ನಡ ಓದೋಕೆ ಬರಲ್ಲ ಅಂದೆಯಲ್ಲ, ಅದಕ್ಕೇ ಭಾನುವಾರದ ಕನ್ನಡ ಶಾಲೆಗೆ ಕಳಿಸಿ ಅಂತ ಈ ಗುಂಪಿನಲ್ಲಿ ಬಡಕೊಳ್ಳುತ್ತಾ ಇರೋದು. ಯಾರೂ ಕೇಳಲ್ಲ. ಸಾಕರ್‌ಗೆ ಮಾತ್ರ ಸಮಯ ಇರುತ್ತೆ.

ಸಿರುಗುಪ್ಪ ಸೋನಾ:
ಅಕ್ಕ, ಮೊದಲು ಕೆಲಸದ ವಿಷಯ. ಸಾಮಾನ್ಯವಾಗಿ ಸಂಬಳ ಕೊಟ್ಟ ಕೊನೆಯ ದಿನದಿಂದ 60 ದಿನ ಎಣಿಸುತ್ತಾರೆ. ಆಮೇಲೆ ಕೊಡುವ ಸೆವೆರೆನ್ಸ್, ಅಂದರೆ ಕಾಗದದಲ್ಲಿ ಬರೆದ ಆ ವಾರಗಳ ದುಡ್ಡಿನಿಂದ ಅದು ಒಂದು ದಿನವೂ ಉದ್ದ ಆಗಲ್ಲ. ಐ-94 (ಈ ದೇಶದಲ್ಲಿ ಯಾವತ್ತಿನವರೆಗೆ ಇರಬಹುದು ಅನ್ನುವ ದಾಖಲೆ) ಅದಕ್ಕಿಂತ ಮುಂಚೆ ಮುಗಿದರೆ ಅದೇ ಕೊನೆ. ಹಾಗಾಗಿ ಕೊನೆಯ ದಿನ ಯಾವುದು ಅಂತ ಎಚ್‌ಆರ್ ಕೈಯಲ್ಲಿ ಬರೆಸಿಕೊಳ್ಳಿ. ಆ ಅವಧಿಯೊಳಗೆ ಹೊಸ ಕಂಪನಿ ಎಚ್-1ಬಿ ಅರ್ಜಿ ಹಾಕಿದರೆ ಸಾಕು, ಅಪ್ರೂವ್ ಆಗುವವರೆಗೆ ಕಾಯಬೇಕಿಲ್ಲ, ಅರ್ಜಿ ತಲುಪಿದ ಮೇಲೆ ಅಲ್ಲಿ ಕೆಲಸ ಶುರು ಮಾಡಬಹುದು. ಸಿಗಲಿಲ್ಲ ಅಂದರೆ ಅವಧಿ ಮುಗಿಯುವ ಮುಂಚೆಯೇ ಐ-539 ಅರ್ಜಿ ಹಾಕಿ ಬಿ-2ಗೆ, ಅಂದರೆ ಪ್ರವಾಸಿ ಸ್ಟೇಟಸ್‌ಗೆ, ಬದಲಾಯಿಸಿ ಅಂತ ಕೇಳಬಹುದು. ನೀವು, ಅಣ್ಣ, ಮಗ, ಮೂರೂ ಜನಕ್ಕೆ. ಬಿ-2ದಲ್ಲಿ ಕೆಲಸ ಹುಡುಕಬಹುದು, ಇಂಟರ್‌ವ್ಯೂ ಕೊಡಬಹುದು. ಕೆಲಸ ಮಾಡುವಂತಿಲ್ಲ.

ಶಾಲೆಯವರು ವೀಸಾ ನೋಡಿ ಮಗುವನ್ನು ಹೊರಗೆ ಕಳಿಸುವಂತಿಲ್ಲ, 1982ರಲ್ಲೇ ಇಲ್ಲಿನ ಸುಪ್ರೀಂ ಕೋರ್ಟ್ ಹೇಳಿದೆ. ಆ ಕೇಸು ಹುಟ್ಟಿದ್ದೂ ನಿಮ್ಮ ಟೆಕ್ಸಾಸ್‌ನಲ್ಲೇ. ಆದರೆ ಬಿ-2 ಅನ್ನೋದು ಓದುವ ವೀಸಾ ಅಲ್ಲ. ಮಗ ಆ ಸ್ಟೇಟಸ್‌ನಲ್ಲಿ ಶಾಲೆಗೆ ಹೋದರೆ ಮುಂದೆ ತೊಂದರೆ ಆಗುತ್ತಾ ಅಂತ ವಕೀಲರನ್ನೇ ಕೇಳಿ, ಇಲ್ಲಿ ಯಾರ ಮಾತನ್ನೂ ನಂಬಬೇಡಿ, ನನ್ನದನ್ನೂ ಸೇರಿಸಿ. ಮಗಳದು ಅಮೆರಿಕದ ಪಾಸ್‌ಪೋರ್ಟ್ ಅಲ್ವಾ? ಓಸಿಐ (ವಿದೇಶಿ ಪಾಸ್‌ಪೋರ್ಟ್ ಇರುವ ಭಾರತೀಯ ಮೂಲದವರು ಭಾರತದಲ್ಲಿ ಇರೋಕೆ ಕೊಡುವ ಕಾರ್ಡ್) ಇಲ್ಲದಿದ್ದರೆ ಇವತ್ತೇ ಅರ್ಜಿ ಹಾಕಿ. ಅರ್ಜೆಂಟಿಗೆ ಇ-ವೀಸಾ ಇದೆ, ಆದರೆ ಅದರಲ್ಲಿ ಅಲ್ಲಿ ಹೋಗಿ ನೆಲೆಸೋಕೆ ಆಗಲ್ಲ. ಐ-140 ಅಪ್ರೂವ್ ಆಗಿ 180 ದಿನ ದಾಟಿದೆ, ಹಾಗಾಗಿ ಹಳೇ ಕಂಪನಿ ಹಿಂದಕ್ಕೆ ತೆಗೆದುಕೊಂಡರೂ ಗ್ರೀನ್ ಕಾರ್ಡ್ ಸಾಲಿನ ತಾರೀಕು ಹೋಗಲ್ಲ. ಇದು ದೊಡ್ಡ ಸಮಾಧಾನ.

ಕೆಂಪು ಧೂಳು:
ಎಲ್ಲರೂ ಫಾರ್ಮ್ ನಂಬರ್ ಹೇಳುತ್ತಿದ್ದೀರಿ. ಒಬ್ಬರಾದರೂ ಕೇಳಿದರಾ, ಆ ಮನುಷ್ಯನ ತಪ್ಪೇನು ಅಂತ? 2022ರ ನವೆಂಬರ್‌ನಲ್ಲಿ ಮೆಟಾ 11,000 ಜನರನ್ನು ತೆಗೆಯಿತು. 2023ರ ಜನವರಿಯಲ್ಲಿ ಗೂಗಲ್ 12,000, ಮೈಕ್ರೋಸಾಫ್ಟ್ 10,000 ಅಂದವು. ಮೂರರಲ್ಲಿ ಒಂದೂ ನಷ್ಟದಲ್ಲಿ ಇರಲಿಲ್ಲ. ಊರಲ್ಲೂ ಅಷ್ಟೇ, 2025ರಲ್ಲಿ ಟಿಸಿಎಸ್ ಸುಮಾರು 12,000 ಜನರನ್ನು ಕಡಿಮೆ ಮಾಡುತ್ತೇವೆ ಅಂತು. ಮೊದಲೆಲ್ಲ ಕಂಪನಿ ಮುಳುಗಿದರೆ ಕೆಲಸ ಹೋಗುತ್ತಿತ್ತು. ಈಗ ಕಂಪನಿ ಚೆನ್ನಾಗಿ ನಡೆಯಲಿ ಅಂತ ಕೆಲಸ ಹೋಗುತ್ತೆ.

ನಾನು ಸಂಡೂರಿನವನು. 2011ರ ಜುಲೈ 29ಕ್ಕೆ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿ ಅಂತ ಸುಪ್ರೀಂ ಕೋರ್ಟ್ ಆದೇಶ ಬಂತು. ನಮ್ಮಪ್ಪ ಸಾಲ ಮಾಡಿ ಎರಡು ಲಾರಿ ತೆಗೆದುಕೊಂಡಿದ್ದರು. ಚೀನಾಕ್ಕೆ ಅದಿರು ಹೋಗುತ್ತಿದ್ದ ಕಾಲದಲ್ಲಿ ಫೈನಾನ್ಸಿನವರೇ ಮನೆ ಬಾಗಿಲಿಗೆ ಬಂದು ಸಾಲ ಕೊಟ್ಟಿದ್ದರು. ಆದೇಶ ಬಂದ ಮೇಲೆ ಲಾರಿ ನಿಂತವು, ಕಂತು ನಿಲ್ಲಲಿಲ್ಲ. ಕಾಡು ಕಡಿದವರು, ಪರ್ಮಿಟ್ ಇಲ್ಲದೆ ಅದಿರು ಸಾಗಿಸಿದವರು ಬೇರೆ. ಕೆಲಸ ಹೋಗಿದ್ದು ಡ್ರೈವರ್, ಕ್ಲೀನರ್, ಪಂಕ್ಚರ್ ಹಾಕುವವನು, ಡಾಬಾದಲ್ಲಿ ರೊಟ್ಟಿ ಬಡಿಯುವ ಹೆಂಗಸು, ಇವರದು. 2013ರ ಏಪ್ರಿಲ್‌ನಲ್ಲಿ ಎ ಮತ್ತು ಬಿ ದರ್ಜೆಯ, ಅಂದರೆ ಅಕ್ರಮ ಇಲ್ಲದ ಅಥವಾ ಕಡಿಮೆ ಇದ್ದ ಗಣಿಗಳಿಗೆ ಒಪ್ಪಿಗೆ ಸಿಕ್ಕಿತು. ಅಷ್ಟರಲ್ಲಿ ನಮ್ಮ ಲಾರಿಗಳು ಫೈನಾನ್ಸಿನವರ ಯಾರ್ಡ್ ಸೇರಿದ್ದವು. ಅವರಿಗೆ ಯಾರೂ ಇಷ್ಟು ವಾರದ ದುಡ್ಡು ಅಂತ ಕಾಗದ ಕಳಿಸಲಿಲ್ಲ.

ಇದೇ ಬಂಡವಾಳಶಾಹಿ. ಲಾಭ ಬಂದಾಗ ಅದು ಮಾಲೀಕನ ಜಾಣತನ, ನಷ್ಟ ಬಂದಾಗ ಅದು ಕೆಲಸಗಾರನ ಹಣೆಬರಹ. ಈ ದೇಶದಲ್ಲಿ ಕಾರಣ ಹೇಳದೇನೇ ತೆಗೆಯಬಹುದು. ನಮ್ಮ ದೇಶದಲ್ಲಿ 100 ಜನ ಇರುವ ಕಾರ್ಖಾನೆಯಲ್ಲಿ ಆಳುಗಳನ್ನು ತೆಗೆಯಬೇಕಾದರೆ ಸರ್ಕಾರದ ಅನುಮತಿ ಬೇಕಿತ್ತು. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ಅದನ್ನು 300 ಮಾಡಿದರು, 2025ರ ನವೆಂಬರ್ 21ರಿಂದ ಜಾರಿಯೂ ಆಯಿತು. ಈ ಗುಂಪಿನಲ್ಲಿ ಎಷ್ಟು ಜನ ಅದನ್ನು ಓದಿದ್ದೀರಿ?

ಹೊಸಪೇಟೆ ಡ್ಯಾಮ್ ರೋಡ್:
ಸರ್, ಗಣಿ ನಿಲ್ಲಿಸಿದ್ದು ಕೋರ್ಟು, ಬಂಡವಾಳಶಾಹಿ ಅಲ್ಲ. ಅಲ್ಲಿ ನಡೆದಿದ್ದು ಕಳ್ಳತನ. ಲೋಕಾಯುಕ್ತ ವರದಿ ಓದಿ, ಪುಟಗಟ್ಟಲೆ ಇದೆ. ಇನ್ನು ಸರ್ಕಾರಿ ಕೆಲಸ ಭದ್ರ ಅನ್ನೋರಿಗೆ ನಮ್ಮೂರಿನ ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್ ತೋರಿಸುತ್ತೇನೆ. ಡ್ಯಾಮ್‌ಗಳಿಗೆ ಗೇಟ್ ಮಾಡುತ್ತಿದ್ದ ಸರ್ಕಾರಿ ಕಂಪನಿ ಅದು. ನಮ್ಮ ದೊಡ್ಡಪ್ಪ ಅಲ್ಲಿ ಫಿಟ್ಟರ್. ವರ್ಷಗಟ್ಟಲೆ ಆರ್ಡರ್ ಇಲ್ಲ, 2015ರ ಕೊನೆಗೆ ಕೇಂದ್ರ ಸರ್ಕಾರ ಮುಚ್ಚುವ ತೀರ್ಮಾನ ಮಾಡಿತು. 2024ರ ಆಗಸ್ಟ್ 10ರ ರಾತ್ರಿ ನಮ್ಮ ಡ್ಯಾಮಿನ 19ನೇ ಕ್ರಸ್ಟ್ ಗೇಟ್ ಚೈನ್ ತುಂಡಾಗಿ ಕೊಚ್ಚಿಹೋಯಿತಲ್ಲ, ಆಗ ಸ್ಟಾಪ್‌ಲಾಗ್ (ಗೇಟ್ ಬದಲಿಗೆ ನೀರು ತಡೆಯೋಕೆ ಇಳಿಸುವ ಉಕ್ಕಿನ ತಡೆ) ಮಾಡಿಕೊಡೋಕೆ ಖಾಸಗಿ ಕಾರ್ಖಾನೆಗಳೇ ಬೇಕಾದವು. ಗೇಟ್ ಮಾಡುವ ಊರಿನ ಸರ್ಕಾರಿ ಕಂಪನಿ ಅಷ್ಟೊತ್ತಿಗೆ ಇರಲೇ ಇಲ್ಲ. ಇದಕ್ಕೆ ಯಾರನ್ನು ಬೈಯ್ಯೋಣ?

ಕೆಂಪು ಧೂಳು:
ಮುಚ್ಚಿದ ಸರ್ಕಾರವನ್ನು ಬೈಯ್ಯಿರಿ. ನಾನು ಹೇಳಿದ್ದೂ ಅದನ್ನೇ.

ಹೊಸಪೇಟೆ ಡ್ಯಾಮ್ ರೋಡ್:
ಅಲ್ಲ ಸರ್, ನೀವು ಹೇಳಿದ್ದು ಬೇರೆ. 100 ಜನದ ಕಾನೂನು ಇದ್ದಾಗ ಮಾಲೀಕರು ಏನು ಮಾಡುತ್ತಿದ್ದರು ಗೊತ್ತಾ? 99ಕ್ಕೇ ನಿಲ್ಲಿಸುತ್ತಿದ್ದರು. ಉಳಿದವರೆಲ್ಲ ಗುತ್ತಿಗೆ. ಕಾನೂನು ಕಾಪಾಡಿದ್ದು ಒಳಗಿದ್ದವರನ್ನು ಮಾತ್ರ.

ಕೌಲ್‌ಬಜಾರ್ ಹುಡುಗ:
ಗುತ್ತಿಗೆ ಆದರೂ ಒಂದು ಲೆಕ್ಕ ಇರುತ್ತೆ ಅಣ್ಣ. ನಮ್ಮ ಕಡೆ ಜೀನ್ಸ್ ಹೊಲಿಯುವವರಿಗೆ ಅದೂ ಇಲ್ಲ. ನಮ್ಮ ಮಾಮ ಪೀಸ್ ರೇಟಿಗೆ ಹೊಲಿಯುತ್ತಾರೆ. ಕಟಿಂಗ್ ಆದ ಬಟ್ಟೆ ಬಂದರೆ ಕೆಲಸ, ಬರಲಿಲ್ಲ ಅಂದರೆ ಇಲ್ಲ. ಜಿಪ್ ಹಚ್ಚುವವರು, ಬಟನ್ ಹೊಡೆಯುವವರು, ದಾರ ಕತ್ತರಿಸುವ ಹೆಂಗಸರು, ಎಲ್ಲರದೂ ಇದೇ ಕಥೆ. ಪಿಎಫ್ ಇಲ್ಲ, ಇಎಸ್‌ಐ ಇಲ್ಲ. ಅವರಿಗೆ ಲೇಆಫ್ ಅಂತ ಹೇಳಿದರೆ ಹಾಗಂದ್ರೇನು ಅಂತ ಕೇಳುತ್ತಾರೆ. ಜೀನ್ಸ್ ಪಾರ್ಕ್ ಅಂತ 2023ರ ಚುನಾವಣೆಯಿಂದ ಕೇಳುತ್ತಿದ್ದೇವೆ.

ಅಕ್ಕ, ನಿಮ್ಮ ಮನೆ ಯಾವ ಕಡೆ? ಕಂಟೋನ್ಮೆಂಟಾ, ಗಾಂಧಿನಗರನಾ?

ಮಾನ್ವಿ ಮಂದಿ:
ನಮ್ಮ ಮಾನ್ವಿ, ದೇವದುರ್ಗ, ಲಿಂಗಸುಗೂರು ಕಡೆ ಮಳೆ ಕೈಕೊಟ್ಟರೆ ಇಡೀ ಕುಟುಂಬ ಬೆಂಗಳೂರಿಗೆ ಗುಳೆ ಹೋಗುತ್ತೆ. ಮಕ್ಕಳ ಶಾಲೆ ಅರ್ಧಕ್ಕೇ ನಿಲ್ಲುತ್ತೆ. ನಾವೂ ಅದೇ ಅಲ್ವಾ? ವಿಮಾನದಲ್ಲಿ ಗುಳೆ ಬಂದವರು. ಮೇಸ್ತ್ರಿ ಬೇಡ ಅಂದ ದಿನ ಗಂಟು ಕಟ್ಟಬೇಕು.

ಕೌಲ್‌ಬಜಾರ್ ಹುಡುಗ:
ಚಂದ ಇದೆ ಕೇಳೋಕೆ. ಆದರೆ ಗುಳೆ ಹೋದವರ ಹತ್ತಿರ 401ಕೆ ನಿವೃತ್ತಿ ಉಳಿತಾಯ ಇರುತ್ತಾ ಅಣ್ಣ? ಬೆಂಗಳೂರಿನ ಶೆಡ್ಡಿನಲ್ಲಿ ಮಲಗುವವರ ಜೊತೆ ನಮ್ಮನ್ನು ಹೋಲಿಸಬೇಡಿ, ನಾಚಿಕೆ ಆಗುತ್ತೆ.

ಮಾನ್ವಿ ಮಂದಿ:
ನಮ್ಮಪ್ಪ ಅವ್ವ ಗುಳೆ ಹೋಗಿಯೇ ನನ್ನನ್ನು ಓದಿಸಿದ್ದು ತಮ್ಮ. ನನಗೆ ಹೋಲಿಸುವ ಹಕ್ಕಿದೆ.

ಗಂಗಾವತಿ ಅಮ್ಮ:
ಜಗಳ ಬೇಡಿ. ಆ ಹುಡುಗಿ ಏನು ಕೇಳಿದಳು, ನೀವೇನು ಮಾತಾಡುತ್ತಿದ್ದೀರಿ? ಮಗಳೇ, ಮಾವನಿಗೆ ಹೇಳಿಬಿಡು. ಮುಚ್ಚಿಟ್ಟರೆ ಇನ್ನೊಬ್ಬರ ಬಾಯಿಂದ ಗೊತ್ತಾಗುತ್ತೆ. ಬಳ್ಳಾರಿಯಲ್ಲಿ ಸುದ್ದಿ ನಿಲ್ಲಲ್ಲ. ನಾವು ಮುಚ್ಚಿಟ್ಟಿದ್ದೆವು, ನಮ್ಮ ಅತ್ತೆಗೆ ಮದುವೆ ಮನೆಯಲ್ಲಿ ಯಾರೋ ಹೇಳಿದರು. ಕೆಲಸ ಹೋಗಿದ್ದಕ್ಕಿಂತ ನಮಗೆ ಹೇಳಲಿಲ್ಲವಲ್ಲ ಅಂತ ಅತ್ತರು.

ಬಳ್ಳಾರಿ ಸೊಸೆ:
ಎಲ್ಲರಿಗೂ ಥ್ಯಾಂಕ್ಸ್. ಸಿರುಗುಪ್ಪದವರೇ, ನಿಮ್ಮದನ್ನು ಮನೆಯವರಿಗೆ ಓದಿ ಹೇಳಿದೆ. ಮಗಳ ಓಸಿಐ ಮಾಡಿಸಿಲ್ಲ, ಇವತ್ತು ಶುರು ಮಾಡುತ್ತೇವೆ. ಇನ್ನೊಂದು, ಮನೆಯವರ ಸ್ನೇಹಿತರೊಬ್ಬರು ಕಂಪನಿ 60 ದಿನ ಮೊದಲೇ ನೋಟಿಸ್ ಕೊಡಬೇಕಿತ್ತು, ಕೇಸ್ ಹಾಕಿ ಅಂದರು. ಅದೂ ಇದೂ ಒಂದೇ 60 ದಿನನಾ? ಮತ್ತೆ ಮಗನಿಗೆ ಇನ್‌ಹೇಲರ್ ಬೇಕು, ಇನ್ಶೂರೆನ್ಸ್ ಏನಾಗುತ್ತೆ?

ಕೆಂಪು ಧೂಳು:
ಹೌದು, ವಾರ್ನ್ ಕಾಯ್ದೆ, 1988. 100 ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಕಂಪನಿ ನೋಟಿಸ್ ಕೊಡಲೇಬೇಕು. ಬಿಡಬೇಡಿ, ಹಾಕಿ ಕೇಸು. ನಮ್ಮವರು ಯಾವಾಗಲೂ ತಲೆ ತಗ್ಗಿಸಿ ಹೋಗಿಬಿಡುತ್ತಾರೆ, ಅದಕ್ಕೇ ನಮ್ಮನ್ನು ಮೊದಲು ತೆಗೆಯೋದು. ಎಂಜಿನಿಯರ್ ಅಂದರೆ ಕೂಲಿ ಅಲ್ಲ ಅಂದುಕೊಂಡಿದ್ದೇವೆ. ಯೂನಿಯನ್ ಅಂದರೆ ಮೂಗು ಮುರಿಯುತ್ತೇವೆ.

ಕುಷ್ಟಗಿ ಮೇಷ್ಟ್ರ ಮಗ:
ಈ ಯೂನಿಯನ್ ಭಾಷಣ ಕೊಡುವವರು ಇಲ್ಲಿ ಯಾವ ಯೂನಿಯನ್ ಸದಸ್ಯರು ಅಂತ ಕೇಳಬಹುದಾ? ನಾನು 1998ರಲ್ಲಿ ಬಂದೆ. ಇದೇ ಬಂಡವಾಳಶಾಹಿ ಕೊಟ್ಟ ಸಂಬಳದಲ್ಲಿ ಊರಲ್ಲಿ ತಂಗಿಯರ ಮದುವೆ ಮಾಡಿದ್ದೇನೆ, ಅಪ್ಪನ ಆಪರೇಷನ್ ಮಾಡಿಸಿದ್ದೇನೆ, ಹೊಲಕ್ಕೆ ಬೋರ್ ಹಾಕಿಸಿದ್ದೇನೆ. ಕೆಲಸ ಕೊಡುವಾಗ ಕಂಪನಿ ಒಳ್ಳೆಯದು, ತೆಗೆದಾಗ ಕೆಟ್ಟದ್ದು ಅಂದರೆ ಹೇಗೆ? ಆರು ತಿಂಗಳ ಖರ್ಚು ಬ್ಯಾಂಕಿನಲ್ಲಿ ಇಟ್ಟುಕೊಳ್ಳಿ ಅಂತ ನಾನು ಪ್ರತಿ ಸಲ ಹೇಳುತ್ತೇನೆ. ಎಲ್ಲರೂ ಟೆಸ್ಲಾ ತಗೊಳ್ಳುತ್ತಾರೆ.

ಮಾನ್ವಿ ಮಂದಿ:
ಅವರು ಟೆಸ್ಲಾ ಇದೆ ಅಂತ ಎಲ್ಲಿ ಹೇಳಿದರು ಸರ್?

ಕುಷ್ಟಗಿ ಮೇಷ್ಟ್ರ ಮಗ:
ಸುಮ್ನೆ ಉದಾಹರಣೆಗೆ ಹೇಳಿದೆ. ಇನ್ನೊಂದು ವಿಷಯ, ವಾಪಸ್ ಹೋಗುವುದಾದರೆ ಮಗನಿಗೆ 371(ಜೆ), ಅಂದರೆ ಕಲ್ಯಾಣ ಕರ್ನಾಟಕದವರ ಮೀಸಲಾತಿ ಸರ್ಟಿಫಿಕೇಟ್ ಮಾಡಿಸಿ. ಬಳ್ಳಾರಿಯಲ್ಲೇ ಹುಟ್ಟಿದ್ದಾನಲ್ಲ. ಮೆಡಿಕಲ್, ಎಂಜಿನಿಯರಿಂಗ್ ಸೀಟಿಗೆ ಬೇಕಾಗುತ್ತೆ.

ಕೌಲ್‌ಬಜಾರ್ ಹುಡುಗ:
ಸರ್, ಹುಡುಗ ನಾಲ್ಕನೇ ಕ್ಲಾಸು.

ಸಿರುಗುಪ್ಪ ಸೋನಾ:
ಅಕ್ಕ, ಎರಡೂ 60 ದಿನ ಬೇರೆ ಬೇರೆ. ವಾರ್ನ್ ಅನ್ನೋದು ಒಂದೇ ಜಾಗದಲ್ಲಿ ತುಂಬಾ ಜನರನ್ನು ಒಟ್ಟಿಗೆ ತೆಗೆದಾಗ ಕೊಡಬೇಕಾದ ನೋಟಿಸ್. ವೀಸಾಕ್ಕೂ ಅದಕ್ಕೂ ಸಂಬಂಧ ಇಲ್ಲ. ಒಂದು ಟೀಮಿನ ಅರ್ಧ ಅಂದರೆ ಅದು ಅನ್ವಯ ಆಗದೇನೂ ಇರಬಹುದು. ಕೇಸಿನ ಯೋಚನೆ ಆಮೇಲೆ ಮಾಡಿ, ಆದರೆ ಆ ಸೆವೆರೆನ್ಸ್ ಕಾಗದಕ್ಕೆ ವಕೀಲರು ನೋಡುವವರೆಗೆ ಸಹಿ ಹಾಕಬೇಡಿ. ಸಾಮಾನ್ಯವಾಗಿ ಅದರಲ್ಲಿ ಕೇಸ್ ಹಾಕಲ್ಲ ಅಂತ ಬರೆದಿರುತ್ತಾರೆ. ಅಣ್ಣನಿಗೆ 40 ತುಂಬಿದ್ದು, ಗುಂಪಿನಲ್ಲಿ ತೆಗೆದಿದ್ದರೆ, ವಯಸ್ಸಿನ ತಾರತಮ್ಯದ ಕೇಸ್ ಹಾಕುವ ಹಕ್ಕನ್ನು ಬಿಟ್ಟುಕೊಡಿ ಅಂತ ಬರೆಸಿಕೊಳ್ಳೋಕೆ ಕಂಪನಿ ಯೋಚಿಸಲು 45 ದಿನ ಕೊಡಬೇಕು, ಸಹಿ ಹಾಕಿದ ಮೇಲೂ 7 ದಿನದೊಳಗೆ ವಾಪಸ್ ತೆಗೆದುಕೊಳ್ಳಬಹುದು.

ಇನ್ಶೂರೆನ್ಸ್‌ಗೆ ಕೋಬ್ರಾ ಅಂತ ಇದೆ. ಅದೇ ಪ್ಲಾನ್ 18 ತಿಂಗಳವರೆಗೆ ಇಟ್ಟುಕೊಳ್ಳಬಹುದು, ಆದರೆ ಕಂಪನಿ ಕಟ್ಟುತ್ತಿದ್ದ ಪಾಲೂ ನಿಮ್ಮ ಮೇಲೆ ಬರುತ್ತೆ, ಬಿಲ್ ನೋಡಿ ಗಾಬರಿ ಆಗಬೇಡಿ. ಬೇಕಾ ಬೇಡವಾ ಅಂತ ಹೇಳೋಕೆ 60 ದಿನ ಸಮಯ ಇರುತ್ತೆ, ಹೌದು ಅಂದರೆ ಹಿಂದಿನ ತಾರೀಕಿನಿಂದಲೇ ಸೇರುತ್ತೆ, ಆ ತಿಂಗಳುಗಳ ದುಡ್ಡನ್ನೂ ಕಟ್ಟಬೇಕು. (ಮೂರನೇ 60 ದಿನ ಇದು, ಕ್ಷಮಿಸಿ.) ಇನ್‌ಹೇಲರ್ ಮಾತ್ರ ಈ ತಿಂಗಳೊಳಗೇ ತುಂಬಿಸಿಕೊಳ್ಳಿ.

ಹೊರಡುವ ತೀರ್ಮಾನಕ್ಕೆ ಮುಂಚೆ ಒಂದು ಮಾತು. 2025ರ ಸೆಪ್ಟೆಂಬರ್ ಆದೇಶದಲ್ಲಿ ದೇಶದ ಹೊರಗಿರುವವರ ಹೊಸ ಎಚ್-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಹಾಕಿದರು. ಊರಿಗೆ ಹೋದ ಮೇಲೆ ಯಾವುದೋ ಕಂಪನಿ ಕರೆದಾಗ ಆ ಶುಲ್ಕ ಇನ್ನೂ ಜಾರಿಯಲ್ಲಿದ್ದರೆ ಅಡ್ಡ ಬರಬಹುದು. ಅಣ್ಣನ ಪಾಸ್‌ಪೋರ್ಟಿನಲ್ಲಿ ವೀಸಾ ಸ್ಟಾಂಪ್ ಇನ್ನೂ ನಡೆಯುತ್ತಿದೆಯಾ ನೋಡಿ ವಕೀಲರಿಗೆ ತೋರಿಸಿ. ಹೋಗುವುದೇ ಆದರೆ ಅಣ್ಣನ ಟಿಕೆಟ್ ಖರ್ಚು ಹಳೇ ಕಂಪನಿ ಕೊಡಬೇಕು, ಅವರೊಬ್ಬರದು ಮಾತ್ರ. ಕೇಳಿ ತೆಗೆದುಕೊಳ್ಳಿ.

ಕೆಂಪು ಧೂಳು:
ನೋಡಿದಿರಾ? ಟಿಕೆಟ್ ಕೊಟ್ಟು ಕಳಿಸುತ್ತಾರೆ. ಹೆಂಡತಿ ಮಕ್ಕಳು ಲೆಕ್ಕಕ್ಕಿಲ್ಲ.

ಹೊಸಪೇಟೆ ಡ್ಯಾಮ್ ರೋಡ್:
ಸರ್, ಆ ನಿಯಮ ಮಾಡಿದ್ದು ಸರ್ಕಾರ. ಕಂಪನಿ ಕೊಡುತ್ತಿದೆ.

ಕೆಂಪು ಧೂಳು:
ಕೊಡಲೇಬೇಕು ಅಂತ ಇದೆ, ಅದಕ್ಕೆ ಕೊಡುತ್ತಿದೆ. ನಾನು ಹೇಳುತ್ತಿರೋದೇ ಅದು, ಕಾನೂನು ಇದ್ದರೆ ಮಾತ್ರ ಕೊಡುತ್ತಾರೆ.

ತೋರಣಗಲ್ಲು ಟೀಚರ್:
ತಡವಾಗಿ ನೋಡಿದೆ. ನಾನು ತೋರಣಗಲ್ಲಿನಲ್ಲಿ ಪಾಠ ಮಾಡುತ್ತಿದ್ದೆ, ಈಗ ಮಗನ ಹತ್ತಿರ ಆಸ್ಟಿನ್‌ನಲ್ಲಿ ಇದ್ದೇನೆ. ಶಾಲೆ ಸೇರಿಸುವುದಕ್ಕೆ ಯಾರೂ ಉತ್ತರ ಕೊಟ್ಟೇ ಇಲ್ಲ. ಸ್ಟೇಟ್ ಸಿಲಬಸ್ ಶಾಲೆಗಳು ಮೇ ಕೊನೆಗೆ ಶುರು ಆಗುತ್ತವೆ, ಸಿಬಿಎಸ್‌ಇ ಏಪ್ರಿಲ್‌ಗೇ. ನಿಮ್ಮವನು ಮೇ ಮುಗಿಸಿ ಬಂದರೆ ಸ್ಟೇಟ್ ಸಿಲಬಸ್‌ಗೆ ಸಮಯ ಸರಿಹೋಗುತ್ತೆ. ಶಾಲೆಯಿಂದ ರಿಪೋರ್ಟ್ ಕಾರ್ಡ್, ಲಸಿಕೆ ದಾಖಲೆ, ಬಿಡುತ್ತಿದ್ದಾನೆ ಅಂತ ಒಂದು ಪತ್ರ, ಇಷ್ಟು ತನ್ನಿ. ಇಲ್ಲಿ ನಮ್ಮ ಟಿಸಿ ಥರ ಕಾಗದ ಇರಲ್ಲ, ಪತ್ರ ಕೇಳಿದರೆ ಬರೆದುಕೊಡುತ್ತಾರೆ. ಕನ್ನಡ ಎಲ್ಲ ಶಾಲೆಯಲ್ಲೂ ಕಲಿಯಲೇಬೇಕು, 2015ರ ಕಾಯ್ದೆ ಇದೆ. ಮಾತಾಡೋಕೆ ಬರುತ್ತಲ್ಲ, ಕಾಗುಣಿತ ಬೇಗ ಹಿಡಿಯುತ್ತಾನೆ. ಅವನಿಗೆ ಕಷ್ಟ ಆಗೋದು ಕನ್ನಡ ಅಲ್ಲ, ಒಂದು ಕ್ಲಾಸಿನಲ್ಲಿ ಅಷ್ಟು ಮಕ್ಕಳು, ಬೋರ್ಡ್ ನೋಡಿ ಬರೆದುಕೊಳ್ಳೋದು. ಈಗಿನಿಂದಲೇ ದಿನಾ ಒಂದು ಪುಟ ಕೈಯಲ್ಲಿ ಬರೆಸಿ. ಯಾವ ಶಾಲೆ ಅಂತ ಫೋನಿನಲ್ಲಿ ಹೇಳುತ್ತೇನೆ, ಇಲ್ಲಿ ಹೆಸರು ಬರೆದರೆ ಅದಕ್ಕೂ ಜಗಳ ಆಗುತ್ತೆ.

ಗಂಗಾವತಿ ಅಮ್ಮ:
ಕಾಗುಣಿತಕ್ಕೆ ನಾನು ವಿಡಿಯೋ ಕಾಲ್‌ನಲ್ಲಿ ಕೂರುತ್ತೇನೆ ಮಗಳೇ. ಶನಿವಾರ ಬೆಳಿಗ್ಗೆ ಹತ್ತಕ್ಕೆ, ನಿಮ್ಮ ಟೈಮು. ಸಾಕರ್ ಇದ್ದರೆ ಮೊದಲೇ ಹೇಳು.