ಆಗಸ್ಟ್ 15ರ ಹಾಜರಿ

ನಮ್ಮ ಮನೆಮಂದಿಯ ವಾಟ್ಸಾಪ್ ಗುಂಪಿನಲ್ಲಿ ನಡೆದ ಮಾತುಕತೆಯನ್ನು ಎಲ್ಲರ ಒಪ್ಪಿಗೆ ಪಡೆದು ಇಲ್ಲಿ ಹಾಕುತ್ತಿದ್ದೇನೆ. ಹೆಸರುಗಳ ಬದಲು ನಾನು ಅವರನ್ನು ಕರೆಯುವ ಸಂಬಂಧವನ್ನೇ ಬರೆದಿದ್ದೇನೆ. ಮಾದಾಪುರದ ಕಡೆ ನಮಗಿರುವುದು 12 ಎಕರೆ ಕಾಫಿ ತೋಟ. ಲೈನ್‌ಮನೆಯಲ್ಲಿ (ಕೆಲಸದವರಿಗೆಂದು ತೋಟದಲ್ಲೇ ಕಟ್ಟಿದ ಸಾಲುಮನೆ) ಆರು ಜನ ಕೆಲಸದವರಿದ್ದಾರೆ. ಕೊಡಗಿನ ಎಷ್ಟೋ ಸಣ್ಣ ತೋಟಗಳಲ್ಲಿ ಆಗಸ್ಟ್ ಬಂದಾಗ ಏಳುವ ಪ್ರಶ್ನೆಯೇ ಇದು: 15ರಂದು ಕೆಲಸದವರಿಗೆ ಕೂಲಿ ಸಹಿತ ರಜೆ ಕೊಡಬೇಕೇ, ಬೇಡವೇ?

ಭಾವ (ಬೆಂಗಳೂರಿನಿಂದ ಒಂದು ಚಿತ್ರ ಕಳುಹಿಸಿದರು. ಅದರಲ್ಲಿ ಬರೆದಿದ್ದುದು): ಜಪಾನಿನವರು ರಾಷ್ಟ್ರೀಯ ಹಬ್ಬಕ್ಕೆ ರಜೆ ಹಾಕುವುದಿಲ್ಲ, ಅಂದು ಒಂದು ಗಂಟೆ ಹೆಚ್ಚೇ ದುಡಿಯುತ್ತಾರೆ. ನಾವು ಆಗಸ್ಟ್ 15ರಂದು ಹೊದ್ದು ಮಲಗುತ್ತೇವೆ. ನಿಜವಾದ ದೇಶಭಕ್ತ ಅಂದು ದುಡಿಯುತ್ತಾನೆ. ವೀರಯೋಧರ ನಾಡಿನವರು ಇದನ್ನು ಎಲ್ಲರಿಗೂ ಕಳುಹಿಸಿ.

ಯಜಮಾನರು: ಸರಿಯಾದ ಮಾತು ಅಣ್ಣ. ಈ ಸಲ 15ಕ್ಕೆ ತೋಟದಲ್ಲಿ ಕೆಲಸ ಇಟ್ಟುಕೊಂಡಿದ್ದೇನೆ. ಮೈಲುತುತ್ತ, ಸುಣ್ಣ ತಂದಿಟ್ಟಾಗಿದೆ. ಮಳೆ ಸ್ವಲ್ಪ ಬಿಡುವು ಕೊಡುವ ಹಾಗೆ ಕಾಣುತ್ತದೆ. ಈಗ ಅವೆರಡನ್ನೂ ಕಲಸಿ ಬೋರ್ಡೋ ದ್ರಾವಣ ಹೊಡೆಯದಿದ್ದರೆ ಕೊಳೆರೋಗ ಕಾಯಿಯನ್ನೆಲ್ಲ ಉದುರಿಸುತ್ತದೆ.

ಇವರು ಜಗಲಿಯಲ್ಲಿ ಕುಳಿತು ಬರೆಯುತ್ತಿದ್ದರು, ನಾನು ಅಡುಗೆಮನೆಯಲ್ಲಿದ್ದೆ. ಈ ವಿಷಯ ನಮ್ಮಿಬ್ಬರ ನಡುವೆ ಆಗಲೇ ಊಟದ ಹೊತ್ತಿಗೂ ಕಾಫಿಯ ಹೊತ್ತಿಗೂ ಬಂದು ಹೋಗಿತ್ತು. ಅಣ್ಣನ ಬೆಂಬಲವನ್ನು ಎಲ್ಲರೆದುರು ತೆಗೆದುಕೊಂಡ ಮೇಲೆ ಉತ್ತರವನ್ನೂ ಎಲ್ಲರೆದುರೇ ಕೊಡಬೇಕೆನಿಸಿತು.

ನಾನು: ಭಾವ, ಜಪಾನಿನ ಮಾತು ಸುಳ್ಳು. ಅಲ್ಲಿ ವರ್ಷಕ್ಕೆ 16 ರಾಷ್ಟ್ರೀಯ ರಜೆಗಳಿವೆ. ಆಗಸ್ಟ್ 11 ಅವರಿಗೆ ಪರ್ವತ ದಿನದ ರಜೆ. ಆಗಸ್ಟ್ 15ರ ಆಸುಪಾಸಿನಲ್ಲಿ ಹಿರಿಯರನ್ನು ನೆನೆಯುವ ಓಬೋನ್ ಬರುತ್ತದೆ, ಆಗ ಎಷ್ಟೋ ಕಂಪನಿಗಳು ಬಾಗಿಲು ಹಾಕಿ ಕೆಲಸಗಾರರನ್ನು ಊರಿಗೆ ಕಳುಹಿಸುತ್ತವೆ. ನಾವು ಕಾವೇರಿ ಸಂಕ್ರಮಣಕ್ಕೂ ಹುತ್ತರಿಗೂ ಊರಿಗೆ ಬರುವುದಿಲ್ಲವೇ, ಅವರೂ ಹಾಗೆಯೇ ಹೋಗುತ್ತಾರೆ.

ಭಾವ: ಜಪಾನ್ ಬಿಡಮ್ಮ. ಅದರ ಹಿಂದಿನ ಭಾವನೆಯನ್ನು ನೋಡು. ಕಾರ್ಯಪ್ಪನವರು, ತಿಮ್ಮಯ್ಯನವರು ಹುಟ್ಟಿದ ಮಣ್ಣು ಇದು. ಅವರು ರಜೆ ಕೇಳಿಕೊಂಡು ಕುಳಿತಿದ್ದರೆ?

ಚಿಕ್ಕಮಾವ: ನಾನು ಸೇನೆಯಲ್ಲಿ ಇದ್ದು ಬಂದವನು, ಒಂದು ಮಾತು ಹೇಳುತ್ತೇನೆ. ಸೈನಿಕನಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ ಇದೆ, ಸಂಬಳ ಸಹಿತ. ಗಡಿಯಲ್ಲಿ ಇದ್ದಾಗ ಹಬ್ಬಹರಿದಿನ ನೋಡದೆ ನಿಂತಿದ್ದೇವೆ, ನಿಜ. ಆದರೆ ಆ ದಿನದ ಸಂಬಳವನ್ನು ಯಾರೂ ಹಿಡಿದುಕೊಳ್ಳಲಿಲ್ಲ. ಊರಿಗೆ ಬಂದಾಗ ಯಾರೂ ನಮ್ಮನ್ನು ಸೋಮಾರಿ ಎನ್ನಲಿಲ್ಲ. ಜನವರಿ 15ರ ಸೇನಾ ದಿನ ಕಾರ್ಯಪ್ಪನವರು 1949ರಲ್ಲಿ ಮಹಾದಂಡನಾಯಕರಾದ ದಿನ. ಅವರ ಹೆಸರನ್ನು ಕೂಲಿಯ ಲೆಕ್ಕಕ್ಕೆ ಎಳೆದು ತರಬೇಡ.

ಯಜಮಾನರು: ಚಿಕ್ಕಪ್ಪ, ಕೂಲಿ ಯಾರು ಹಿಡಿದುಕೊಂಡರು? ಕೆಲಸ ಮಾಡಿದವರಿಗೆ ಕೂಲಿ ಕೊಡುತ್ತೇನೆ. ಅವರೇ ಬಂದು 15ಕ್ಕೆ ಕೆಲಸ ಇದೆಯೇ ಎಂದು ಕೇಳಿದ್ದಾರೆ. ಮೇಸ್ತ್ರಿಯನ್ನು ಕೇಳಿ ನೋಡಿ.

ನಾನು: ಕೇಳಿಯೇ ಕೇಳುತ್ತಾರೆ. ಜೂನ್‌ನಿಂದ ಮಳೆಗೆ ಎಷ್ಟು ದಿನ ಕೆಲಸ ನಿಂತಿದೆ ಎಂಬುದು ನಿಮ್ಮ ಹಾಜರಿ ಪುಸ್ತಕದಲ್ಲೇ ಇದೆ. ನಮ್ಮಲ್ಲಿ ಆಗಸ್ಟ್ 15ಕ್ಕೆ ರಜೆ ಎಂದರೆ ಕೂಲಿ ಇಲ್ಲದ ದಿನ. ಕೂಲಿ ಇಲ್ಲದ ದಿನವನ್ನು ಯಾರು ಬೇಡುತ್ತಾರೆ? ಹಾಜರಿ ಹಾಕಿ, ಅಂದರೆ ಆ ದಿನದ ಕೂಲಿ ಕೊಟ್ಟು, ರಜೆ ಕೊಟ್ಟು ನೋಡಿ, ಆಮೇಲೆ ಯಾರು ಕೆಲಸ ಕೇಳುತ್ತಾರೆ ಎಂದು ಹೇಳಿ.

ಭಾವ: ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ನೀವಿಬ್ಬರೂ ಅದನ್ನು ಗುಂಪಿಗೆ ತಂದಿದ್ದೀರಿ.

ನಾನು: ಇದು ನಮ್ಮಿಬ್ಬರ ಜಗಳವಲ್ಲ ಭಾವ, ಆರು ಜನರ ಕೂಲಿಯ ವಿಷಯ. ನಿಮ್ಮ ಕಚೇರಿ 15ಕ್ಕೆ ಮುಚ್ಚಿರುತ್ತದೆ. ಆ ತಿಂಗಳ ಸಂಬಳದಲ್ಲಿ ಒಂದು ದಿನದ್ದನ್ನು ಕಡಿಯುತ್ತಾರೆಯೇ?

ಈ ಪ್ರಶ್ನೆಗೆ ಬಹಳ ಹೊತ್ತು ಉತ್ತರ ಬರಲಿಲ್ಲ. ಬಂದದ್ದು ಭಾವನ ಮಗನಿಂದ. ಅವನು ಮೈಸೂರಿನಲ್ಲಿ ಕಾನೂನು ಓದುತ್ತಿದ್ದಾನೆ.

ಭಾವನ ಮಗ: ಅಪ್ಪ, ಬೇಸರ ಮಾಡಿಕೊಳ್ಳಬೇಡಿ. ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಬಗ್ಗೆ ನಮ್ಮ ರಾಜ್ಯದಲ್ಲಿ 1963ರ ಕಾಯ್ದೆ ಇದೆ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1, ಈ ದಿನಗಳಲ್ಲಿ ವೇತನ ಸಹಿತ ರಜೆ ಕೊಡಬೇಕು. ಆ ದಿನ ಕೆಲಸ ಮಾಡಿಸಿದರೆ ಎರಡರಷ್ಟು ವೇತನ ಕೊಡಬೇಕು, ಇಲ್ಲವೇ ಆ ದಿನದ ವೇತನದ ಜೊತೆಗೆ ಇನ್ನೊಂದು ದಿನ ವೇತನ ಸಹಿತ ರಜೆ ಕೊಡಬೇಕು.

ಯಜಮಾನರು: ಅದೆಲ್ಲ ದೊಡ್ಡ ಎಸ್ಟೇಟ್‌ಗಳಿಗೆ. 1951ರ ತೋಟ ಕಾರ್ಮಿಕರ ಕಾಯ್ದೆ ಇದ್ದದ್ದೂ 5 ಹೆಕ್ಟೇರ್ ಜಮೀನು, 15 ಜನ ಕೆಲಸಗಾರರು ಇದ್ದಲ್ಲಿಗೆ ಮಾತ್ರ. ನಮ್ಮದು 12 ಎಕರೆ, ಅಂದರೆ 5 ಹೆಕ್ಟೇರ್‌ಗೂ ಕಡಿಮೆ. ಸರಕಾರವೇ ಬಿಟ್ಟ ಸಣ್ಣ ಬೆಳೆಗಾರನ ಮೇಲೆ ನೀವು ಯಾಕೆ ಹೊರೆ ಹಾಕುತ್ತೀರಿ? ಗೊಬ್ಬರದ ಬೆಲೆ ಗೊತ್ತೇ? ಆನೆ ಬಂದು ಬಾಳೆ, ಗಿಡ ಮುರಿದು ಹೋದರೆ ಕೊಡುವ ಪರಿಹಾರ ಗೊತ್ತೇ? ಮಳೆಗೆ ಒಂದು ವಾರ ಕರೆಂಟ್ ಇಲ್ಲದೆ ಕುಳಿತವರು ನಾವು. ಬೆಂಗಳೂರು, ಮೈಸೂರಿನಲ್ಲಿ ಕುಳಿತು ಕಾಯ್ದೆ ಓದುವುದು ಸುಲಭ.

ಇವರ ಈ ಮಾತಿನಲ್ಲಿ ಸತ್ಯವಿದೆ. ಇವರು ಬೆಳಗಿನ ಆರಕ್ಕೆ ಜಿಗಣೆ ಕಚ್ಚಿಸಿಕೊಂಡು ತೋಟ ಸುತ್ತುವವರು, ಕೆಲಸದವರ ಮಕ್ಕಳಿಗೆ ಜ್ವರ ಬಂದರೆ ಜೀಪು ತೆಗೆದು ಆಸ್ಪತ್ರೆಗೆ ಹೋಗುವವರು. ಇವರನ್ನು ಕಲ್ಲುಮನಸ್ಸಿನವರು ಎಂದು ಯಾರಾದರೂ ಭಾವಿಸಿದರೆ ನನಗೆ ನೋವಾಗುತ್ತದೆ. ಹಾಗಿದ್ದೂ ನಾನು ಬಿಟ್ಟುಕೊಡಲಿಲ್ಲ. ಅಂದು ರಾತ್ರಿ ಊಟವಾದ ಮೇಲೆ ಕುಳಿತು ಬರೆದದ್ದು ಇದು.

ನಾನು: ನಿಮ್ಮ ಕಷ್ಟ ನನಗೆ ಗೊತ್ತಿಲ್ಲದ್ದಲ್ಲ, ಮನೆಯ ಲೆಕ್ಕ ಬರೆಯುವವಳು ನಾನೇ. ಅದೇ ಲೆಕ್ಕದಿಂದ ಹೇಳುತ್ತೇನೆ. ಆರು ಜನರ ಒಂದು ದಿನದ ಕೂಲಿ, ವರ್ಷಕ್ಕೆ ಇಂಥ ಐದು ದಿನ. ನಾವು ತೋಟದಲ್ಲಿ ಒಂದು ವರ್ಷ ಹಾಕುವ ಗೊಬ್ಬರದ ಖರ್ಚಿನ ಮುಂದೆ ಅದು ಎಷ್ಟು? 2024ರಲ್ಲಿ ರೋಬಸ್ಟಾ ಕಾಫಿಗೆ ಹಿಂದೆಂದೂ ಕಾಣದ ಬೆಲೆ ಬಂದಾಗ ಈ ಗುಂಪಿನಲ್ಲಿ ಎಷ್ಟು ಸಂತೋಷಪಟ್ಟೆವು. ಆಗ ಹಾಜರಿಯ ಮಾತನ್ನು ಯಾರೂ ಎತ್ತಲಿಲ್ಲ. ಬೆಲೆ ಇಳಿದಾಗ ಕೈಯಲ್ಲಿ ಇಲ್ಲ ಎನ್ನುತ್ತೇವೆ, ಏರಿದಾಗ ನೆನಪೇ ಇಲ್ಲ.

ಕಾಯ್ದೆ ನಮ್ಮನ್ನು ಬಿಟ್ಟಿದೆ ಎಂದಿರಿ. ಕಾಯ್ದೆ ಅಳೆದದ್ದು ಜಮೀನನ್ನು. 5 ಹೆಕ್ಟೇರ್‌ಗೆ ಸ್ವಲ್ಪ ಕಡಿಮೆ ಇರುವ ತೋಟದ ಗಿಡಕ್ಕೆ ಔಷಧ ಹೊಡೆದವನ ಬೆನ್ನು ಕಡಿಮೆ ನೋಯುತ್ತದೆಯೇ?

ನೀವೆಲ್ಲ ವೀರಯೋಧರ ನಾಡು ಎನ್ನುವಾಗ ನನಗೂ ಹೆಮ್ಮೆಯೇ. ಬ್ರಿಟಿಷರ ವಿರುದ್ಧ ದಂಗೆ ಎದ್ದ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು 1837ರ ಅಕ್ಟೋಬರ್ 31ರಂದು ಮಡಿಕೇರಿ ಕೋಟೆಯಲ್ಲಿ ಗಲ್ಲಿಗೇರಿಸಿದ್ದನ್ನು ಅಜ್ಜ ಹೇಳುತ್ತಿದ್ದಾಗ ಕಣ್ಣು ತುಂಬಿದವಳು ನಾನು. ಆದರೆ ಈ ನಾಡಿನ ಇನ್ನೊಂದು ಕಥೆಯೂ ಇದೆ. ಜಮೀನಿನೊಡನೆ ಆಳುಗಳೂ ಕೈ ಬದಲಾಗುತ್ತಿದ್ದ ಕಾಲ ಇಲ್ಲಿತ್ತು. ಸ್ವಾತಂತ್ರ್ಯ ಬಂದು 28 ವರ್ಷವಾದ ಮೇಲೆ, 1975ರಲ್ಲಿ, ಜೀತ ರದ್ದು ಎಂದು ಸುಗ್ರೀವಾಜ್ಞೆ ತರಬೇಕಾಯಿತು. 1976ರಲ್ಲಿ ಅದು ಕಾಯ್ದೆಯಾಯಿತು. ಇಲ್ಲಿನ ಆದಿವಾಸಿಗಳಾದ ಎರವರ, ಪಣಿಯರ ಹಿರಿಯರನ್ನು ಕೇಳಿ, ಸಾಹುಕಾರರಿಂದ ತೆಗೆದುಕೊಂಡ ಮುಂಗಡ ಎಂದರೆ ಏನು ಎಂದು ಅವರು ಹೇಳುತ್ತಾರೆ. 2016ರ ಡಿಸೆಂಬರ್‌ನಲ್ಲಿ ದಿಡ್ಡಳ್ಳಿಯಲ್ಲಿ ಗುಡಿಸಲು ಕೀಳಿಸಿಕೊಂಡು ಬಯಲಲ್ಲಿ ಕುಳಿತ ಆದಿವಾಸಿಗಳಲ್ಲಿ ಎಷ್ಟೋ ಜನ ಲೈನ್‌ಮನೆ ಬಿಟ್ಟು ಬಂದವರು. ಸ್ವಂತಕ್ಕೆ ಒಂದು ತುಂಡು ನೆಲ ಬೇಕೆಂದು ಬಂದಿದ್ದರು. ಆಗಸ್ಟ್ 15 ಯಾರಿಗೆ ಎಲ್ಲರಿಗಿಂತ ಹೆಚ್ಚು ಸೇರಬೇಕೋ ಅವರಿಗೇ ಅಂದು ದುಡಿ ಎನ್ನುವುದು ನನಗೆ ಸರಿ ಕಾಣುವುದಿಲ್ಲ. ದುಡಿಯುವುದು ದೇಶಭಕ್ತಿಯಾದರೆ ಅವರು ವರ್ಷವಿಡೀ ದೇಶಭಕ್ತರೇ ಅಲ್ಲವೇ?

ಇನ್ನೊಂದು ವಿಷಯ. ಲೈನ್‌ಮನೆಯ ಮಕ್ಕಳು ಅಂದು ಬಿಳಿ ಅಂಗಿ ತೊಟ್ಟು ಶಾಲೆಗೆ ಹೋಗುತ್ತಾರೆ. ಹಾಡುತ್ತಾರೆ, ಭಾಷಣ ಮಾಡುತ್ತಾರೆ. ನೋಡಲು ಅವರ ಅಪ್ಪ ಅಮ್ಮ ಇರುವುದಿಲ್ಲ, ಬೇರೆಯವರ ಅಪ್ಪ ಅಮ್ಮ ಇರುತ್ತಾರೆ. ನಾನು ಪ್ರತಿ ವರ್ಷ ಶಾಲೆಗೆ ಹೋಗುತ್ತೇನೆ, ಆ ಮಕ್ಕಳು ಜನರ ನಡುವೆ ತಮ್ಮವರನ್ನು ಹುಡುಕುವುದನ್ನು ನೋಡುತ್ತೇನೆ. ಈ ವರ್ಷ ಅವರ ಅಮ್ಮಂದಿರನ್ನು ನಾನೇ ಕರೆದುಕೊಂಡು ಹೋಗುತ್ತೇನೆ.

ನಾದಿನಿ: ಅತ್ತಿಗೆ, ಅಮ್ಮನಿಗೆ ಇದನ್ನು ಓದಿ ಹೇಳಿದೆ. ಅವರ ಧ್ವನಿ ಸಂದೇಶ ಹಾಕುತ್ತಿದ್ದೇನೆ.

ಅತ್ತೆ ಮಳೆಗಾಲದಲ್ಲಿ ಮೈಸೂರಿನ ಮಗಳ ಮನೆಯಲ್ಲಿರುತ್ತಾರೆ. ಸಂದೇಶದಲ್ಲಿದ್ದ ಮಾತು ಹೆಚ್ಚೇನಿಲ್ಲ: 2018ರಲ್ಲಿ ಗುಡ್ಡ ಜಾರಿ ಹಟ್ಟಿಹೊಳೆಯ ದಾರಿ ಮುಚ್ಚಿದಾಗ ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತು ತಂದವರು ಲೈನ್‌ಮನೆಯವರು. ಅದೂ ಆಗಸ್ಟ್ ತಿಂಗಳೇ. ಯಾರೂ ಹಾಜರಿ ಕೇಳಲಿಲ್ಲ. ನಾವೂ ಕೊಡಲಿಲ್ಲ.

ಭಾವ: ಅಮ್ಮ ಹೇಳಿದ ಮೇಲೆ ನಾನು ಮಾತನಾಡುವುದಿಲ್ಲ. ಆದರೆ ಬೋರ್ಡೋ ವಿಷಯ ಅವನು ಹೇಳಿದ್ದು ಸರಿಯೇ. ಕೊಳೆರೋಗ ರಜೆ ಕೇಳುವುದಿಲ್ಲ.

ನಾನು: ನಿಜ. ಅದಕ್ಕೆ ದಾರಿ ಇದೆ. 14ಕ್ಕೆ ಬಿಸಿಲು ಕಂಡರೆ ಅಂದೇ ಹೊಡೆಯೋಣ, ಇಲ್ಲವಾದರೆ 16ಕ್ಕೆ. ಬೋರ್ಡೋ ಕಲಸಿದ ದಿನವೇ ಹೊಡೆದು ಮುಗಿಸಬೇಕು, ಮೈಲುತುತ್ತವೂ ಸುಣ್ಣವೂ ಚೀಲದಲ್ಲಿದ್ದರೆ ಎರಡು ದಿನಕ್ಕೆ ಹಾಳಾಗುವುದಿಲ್ಲ. 15 ಒಂದೇ ದಿನ ಬಿಡುವು ಸಿಕ್ಕಿ, ಮುಂದೆ ಮಳೆ ಎಂದು ಖಚಿತವಾಗಿ ಕಂಡರೆ, ಬರಲು ಇಷ್ಟವಿದ್ದವರು ಧ್ವಜಾರೋಹಣ ಮುಗಿಸಿ ಬರಲಿ, ಎರಡರಷ್ಟು ಕೂಲಿ ಕೊಡೋಣ. ಬಾರದವರಿಗೂ ಹಾಜರಿ ಹಾಕೋಣ.

ಯಜಮಾನರು: ಎರಡರಷ್ಟು ಕೊಟ್ಟರೆ ಅಕ್ಕಪಕ್ಕದ ತೋಟದವರು ನನ್ನ ಮೇಲೆ ಬೀಳುತ್ತಾರೆ. ಕೂಲಿ ಕೆಡಿಸಿದ ಎನ್ನುತ್ತಾರೆ.

ಚಿಕ್ಕಮಾವ: ಬೀಳಲಿ. ನಾನು ಬಂದು ಮಾತನಾಡುತ್ತೇನೆ. ನನ್ನ ತೋಟದಲ್ಲೂ ಈ ವರ್ಷದಿಂದ ಹಾಗೆಯೇ ಮಾಡುತ್ತೇನೆ.

ಭಾವನ ಮಗ: ಚಿಕ್ಕಮ್ಮ, ಆ ಕಾಯ್ದೆಯ ಕನ್ನಡ ಪ್ರತಿ ಹುಡುಕಿ ಕಳುಹಿಸುತ್ತೇನೆ. ಮೇಸ್ತ್ರಿಗೂ ಒಂದು ಕೊಡಿ.

ಯಜಮಾನರು (ಮರುದಿನ ಬೆಳಿಗ್ಗೆ): ಮೇಸ್ತ್ರಿಗೆ ಹೇಳಿದ್ದೇನೆ. 15ಕ್ಕೆ ಕೆಲಸ ಇಲ್ಲ, ಆರು ಜನರಿಗೂ ಹಾಜರಿ ಇದೆ. 14ರ ಸಂಜೆಯ ಬಟವಾಡೆಯಲ್ಲೇ ಸೇರಿಸಿ ಕೊಡುತ್ತೇನೆ. ಒಂದು ದಿನದಲ್ಲಿ ಕೊಳೆರೋಗ ಹಬ್ಬಿದರೆ ಈ ಗುಂಪಿನವರೆಲ್ಲ ಬಂದು ಕಾಯಿ ಆಯಬೇಕು. ಅಕ್ಟೋಬರ್ 2, ನವೆಂಬರ್ 1 ಎಂದು ಈಗಲೇ ಶುರು ಮಾಡಬೇಡ.

ನಾನು: ಅಕ್ಟೋಬರ್ 2ರ ಮಾತನ್ನು ಸೆಪ್ಟೆಂಬರ್‌ನಲ್ಲಿ ಶುರು ಮಾಡುತ್ತೇನೆ. ಜಗಲಿಗೆ ಕಾಫಿ ತರುತ್ತಿದ್ದೇನೆ, ಹಾಜರಿ ಪುಸ್ತಕ ತೆಗೆದಿಡಿ.