ಬಾಹ್ಯಾಕಾಶ ಬಿಟ್ಟರೆ ಹುಡುಕಲು ಇನ್ನೇನೂ ಉಳಿದಿಲ್ಲವೇ?

ಪ್ರಶ್ನೆ: ನಮಸ್ಕಾರ ಮೇಡಂ. ನನ್ನ ಮಗಳು ಒಂಬತ್ತನೇ ತರಗತಿ. ‘ಮನುಷ್ಯ ಶೋಧಿಸಲು ಉಳಿದಿರುವ ಕೊನೆಯ ಲೋಕ ಬಾಹ್ಯಾಕಾಶ’ ಎಂಬ ವಿಷಯದ ಪರವಾಗಿ ಚರ್ಚಾಸ್ಪರ್ಧೆಯಲ್ಲಿ ಮಾತಾಡಬೇಕಂತೆ. ಭೂಮಿಯ ಇಂಚಿಂಚನ್ನೂ ಉಪಗ್ರಹಗಳು ನೋಡಿಬಿಟ್ಟಿವೆ, ಇನ್ನೇನಿದ್ದರೂ ಮೇಲೆ ಮಾತ್ರ ಅಂತ ಬರೆದುಕೊಟ್ಟಿದ್ದೇನೆ. ನೀವು ಸಮುದ್ರತಳದ ನಕ್ಷೆ ಮಾಡುವವರಲ್ಲವೇ, ಇದು ಸರಿಯೇ?

ಉತ್ತರ: ನಮಸ್ಕಾರ. ‘ಇಂಚಿಂಚನ್ನೂ’ ಎಂಬ ಮಾತನ್ನು ದಯವಿಟ್ಟು ತೆಗೆದುಬಿಡಿ. ಉಪಗ್ರಹದ ಕ್ಯಾಮೆರಾಕ್ಕೆ ಕಾಣುವುದು ನೆಲ ಮತ್ತು ನೀರಿನ ಮೇಲ್ಮೈ. ಭೂಮಿಯ ನೂರರಲ್ಲಿ ಸುಮಾರು 71 ಪಾಲು ಸಮುದ್ರ, ಅದರ ಸರಾಸರಿ ಆಳ 3,700 ಮೀಟರ್ ಆಸುಪಾಸು. ಬಿಸಿಲು 200 ಮೀಟರ್ ಇಳಿಯುವಷ್ಟರಲ್ಲೇ ಸೋತುಹೋಗುತ್ತದೆ, 1,000 ಮೀಟರ್ ಕೆಳಗೆ ಪೂರಾ ಕತ್ತಲು. ರೇಡಾರ್ ಅಲೆಗಳಿಗೂ ಉಪ್ಪುನೀರೊಳಗೆ ದಾರಿಯಿಲ್ಲ. ಅಲ್ಲಿ ಸಾಗುವುದು ಶಬ್ದ ಒಂದೇ. ಹಾಗಾಗಿ ಹಡಗು ಹೋಗಿ, ಸೋನಾರ್‌ನಿಂದ ಶಬ್ದ ಬಿಟ್ಟು, ಪ್ರತಿಧ್ವನಿ ವಾಪಸು ಬರುವ ಹೊತ್ತನ್ನು ಎಣಿಸಿಯೇ ಆಳ ಅಳೆಯಬೇಕು. ಹೀಗೆ ಅಳೆದಿರುವುದು ಸಮುದ್ರತಳದ ಸುಮಾರು ಕಾಲು ಭಾಗ ಮಾತ್ರ. ಮಂಗಳ ಗ್ರಹದ ಹೆಚ್ಚುಕಡಿಮೆ ಇಡೀ ಮೈಯ ಚಿತ್ರ ನಮ್ಮಲ್ಲಿದೆ, ನಮ್ಮದೇ ಗ್ರಹದ ಮುಕ್ಕಾಲು ಸಮುದ್ರತಳದ ಸರಿಯಾದ ನಕ್ಷೆ ಇಲ್ಲ.

ಇನ್ನೊಬ್ಬರು: ಹಾಗಾದರೆ ಗೂಗಲ್ ನಕ್ಷೆಯಲ್ಲಿ ಸಮುದ್ರದಡಿ ಬೆಟ್ಟ, ಕಣಿವೆ ಎಲ್ಲ ಕಾಣುತ್ತವಲ್ಲ ಮೇಡಂ?

ಉತ್ತರ: ಒಳ್ಳೆಯ ಪ್ರಶ್ನೆ. ಅದರ ಬಹುಭಾಗ ಅಳತೆಯಲ್ಲ, ಅಂದಾಜು. ನೀರಿನಡಿ ದೊಡ್ಡ ಬೆಟ್ಟವಿದ್ದರೆ ಅದರ ಗುರುತ್ವ ಸುತ್ತಲಿನ ನೀರನ್ನು ತನ್ನತ್ತ ಎಳೆಯುತ್ತದೆ, ಅಲ್ಲಿ ಸಮುದ್ರದ ಮೇಲ್ಮೈ ಒಂದೆರಡು ಮೀಟರ್ ಉಬ್ಬಿರುತ್ತದೆ. ಅಷ್ಟು ಸಣ್ಣ ಉಬ್ಬನ್ನು ಉಪಗ್ರಹ ಅಳೆದು, ಅಡಿಯಲ್ಲಿ ಏನಿರಬಹುದು ಎಂದು ಲೆಕ್ಕ ಹಾಕಲಾಗುತ್ತದೆ. ಇಷ್ಟು ವರ್ಷವಾದರೂ ಈ ಉಪಾಯ ನೆನೆದರೆ ನನಗೆ ರೋಮಾಂಚನ. ಆದರೆ ಅದಕ್ಕೆ ಕೆಲವು ಕಿಲೋಮೀಟರ್‌ಗಿಂತ ಸಣ್ಣದು ಕಾಣದು. 2005ರಲ್ಲಿ ಅಮೆರಿಕದ ‘ಸ್ಯಾನ್ ಫ್ರಾನ್ಸಿಸ್ಕೊ’ ಎಂಬ ಅಣುಚಾಲಿತ ಜಲಾಂತರ್ಗಾಮಿ ಗುವಾಮ್ ದ್ವೀಪದ ದಕ್ಷಿಣಕ್ಕೆ ನೀರೊಳಗಿನ ಬೆಟ್ಟಕ್ಕೆ ಗುದ್ದಿಕೊಂಡಿತು. ಅವರು ಬಳಸುತ್ತಿದ್ದ ನಕ್ಷೆಯಲ್ಲಿ ಆ ಬೆಟ್ಟವಿರಲಿಲ್ಲ. ಒಬ್ಬ ನಾವಿಕ ಸತ್ತ. ಅಂದಾಜಿಗೂ ಅಳತೆಗೂ ಇರುವ ಅಂತರವನ್ನು ಹೊಸಬರಿಗೆ ಹೇಳುವಾಗಲೆಲ್ಲ ನಾನು ಮೊದಲು ಈ ಘಟನೆಯನ್ನೇ ಹೇಳುತ್ತೇನೆ.

ಮತ್ತೊಬ್ಬರು: ಕೆಳಗಿರುವುದು ಕೆಸರು, ಕಲ್ಲು ತಾನೇ? ಬಾಹ್ಯಾಕಾಶದಲ್ಲಾದರೆ ಜೀವ ಸಿಗಬಹುದು.

ಉತ್ತರ: ಸರ್, 1977ರವರೆಗೆ ತಿಳಿದವರೂ ಹೆಚ್ಚುಕಡಿಮೆ ಹಾಗೇ ಅಂದುಕೊಂಡಿದ್ದರು. ಆ ವರ್ಷ ಗಲಾಪಗೋಸ್ ಬಳಿ ಸುಮಾರು 2,500 ಮೀಟರ್ ಆಳಕ್ಕೆ ‘ಆಲ್ವಿನ್’ ನೌಕೆಯಲ್ಲಿ ಇಳಿದವರು ಬಿಸಿನೀರಿನ ಬುಗ್ಗೆ ಹುಡುಕಲು ಹೋದ ಭೂವಿಜ್ಞಾನಿಗಳು. ಬುಗ್ಗೆ ಸಿಕ್ಕಿತು, ಅದರ ಸುತ್ತ ಚಿಪ್ಪುಜೀವಿಗಳು, ಏಡಿಗಳು, ಕೊಳವೆಯೊಳಗೆ ಬದುಕುವ ಹುಳುಗಳು ಗಿಜಿಗುಟ್ಟುತ್ತಿದ್ದವು. ತಂಡದಲ್ಲಿ ಒಬ್ಬ ಜೀವವಿಜ್ಞಾನಿಯೂ ಇರಲಿಲ್ಲ! ಮಾದರಿ ಕೆಡದಂತೆ ಇಡುವ ದ್ರಾವಣ ಸಾಲದೆ ಕೆಲವನ್ನು ವೋಡ್ಕಾದಲ್ಲಿ ಮುಳುಗಿಸಿಟ್ಟರು. ಬೆಳೆದ ಕೊಳವೆಹುಳುವಿಗೆ ಬಾಯಿಯಿಲ್ಲ, ಕರುಳಿಲ್ಲ. ಅದರ ಮೈಯೊಳಗಿನ ಬ್ಯಾಕ್ಟೀರಿಯಾಗಳು ಬುಗ್ಗೆಯ ಹೈಡ್ರೋಜನ್ ಸಲ್ಫೈಡ್‌ನಿಂದ ಶಕ್ತಿ ತೆಗೆದು ಅದಕ್ಕೆ ಅನ್ನ ಹಾಕುತ್ತವೆ. ಬಿಸಿಲೇ ಅನ್ನದ ಮೂಲ ಎಂದು ನಂಬಿದ್ದ ಜೀವವಿಜ್ಞಾನ ಅಲ್ಲಿ ದಿಕ್ಕು ಬದಲಿಸಿತು. ಶನಿಯ ಉಪಗ್ರಹ ಎನ್ಸೆಲಾಡಸ್‌ನ ಹಿಮದಡಿಯ ಸಮುದ್ರದಲ್ಲಿ ಜೀವ ಇದ್ದೀತೇ ಎಂದು ಇಂದು ಕೇಳುತ್ತಿದ್ದೇವಲ್ಲ, ಆ ಪ್ರಶ್ನೆಗೆ ಬಲ ಬಂದದ್ದು ಈ ಬುಗ್ಗೆಗಳಿಂದ.

ಪ್ರಶ್ನೆ ಕೇಳಿದವರು: ಮೇಡಂ, ಹಾಗಾದರೆ ಮಗಳು ವಿಷಯದ ವಿರುದ್ಧ ಮಾತಾಡುವುದೇ ಒಳ್ಳೆಯದೇ?

ಉತ್ತರ: ಬೇಡ, ಪರವಾಗಿಯೇ ಮಾತಾಡಲಿ. ಬಾಹ್ಯಾಕಾಶ ಅತಿ ದೊಡ್ಡ ಲೋಕ ಅನ್ನಲಿ, ಅದು ನಿಜ. ‘ಕೊನೆಯ’ ಎಂಬ ಪದಕ್ಕೆ ಜೋತುಬೀಳುವುದು ಬೇಡ. ಎದುರಾಳಿ ಸಮುದ್ರ ಎತ್ತದಿದ್ದರೆ ಭೂಗರ್ಭ ಎತ್ತುತ್ತಾರೆ. ಭೂಮಿಯ ಕೇಂದ್ರ 6,371 ಕಿಲೋಮೀಟರ್ ಒಳಗಿದೆ, ರಷ್ಯಾದ ಕೋಲಾ ಕೊರೆತ ವರ್ಷಗಟ್ಟಲೆ ನಡೆದರೂ ಮುಟ್ಟಿದ್ದು 12 ಕಿಲೋಮೀಟರ್ ಚಿಲ್ಲರೆ.

ಪ್ರಶ್ನೆ ಕೇಳಿದವರು: ಬದಲಿಸಿ ಬರೆಯುತ್ತಿದ್ದೇವೆ. ಪಕ್ಕದಲ್ಲೇ ಕೂತಿದ್ದಾಳೆ, ಯಾರೂ ನೋಡದ ಜಾಗದ ನಕ್ಷೆ ಮಾಡುವಾಗ ಹೇಗಿರುತ್ತದೆ ಅಂತ ಕೇಳು ಅನ್ನುತ್ತಿದ್ದಾಳೆ.

ಉತ್ತರ: ಪುಟ್ಟಿ, ಹಡಗು ಸೈಕಲ್ ವೇಗದಲ್ಲಿ ಹೋಗುತ್ತಿರುತ್ತದೆ. ಪರದೆಯ ಮೇಲೆ ಬಣ್ಣದ ಪಟ್ಟಿಯೊಂದು ಗೆರೆಗೆರೆಯಾಗಿ ಮೂಡುತ್ತದೆ. ಗಂಟೆಗಟ್ಟಲೆ ಬರೀ ನೀಲಿ, ಅಂದರೆ ಆಳದ ಬಯಲು. ನನ್ನ ಮೊದಲ ಯಾನದಲ್ಲಿ ಒಂದು ರಾತ್ರಿ ಆ ನೀಲಿಯ ಅಂಚಿನಲ್ಲಿ ಹಸಿರು ಬಂತು, ಆಮೇಲೆ ಹಳದಿ, ಆಮೇಲೆ ಕೆಂಪು. ನಕ್ಷೆಯಲ್ಲಿ ಇರದಿದ್ದ ಬೆಟ್ಟ. ಅಳತೆ ತಪ್ಪಿರಬಹುದೆಂದು ಹಡಗು ತಿರುಗಿಸಿ ಮತ್ತೊಮ್ಮೆ ಅದರ ಮೇಲೇ ಹೋದೆವು. ನನ್ನ ಪಾಳಿ ಆಗಲೇ ಮುಗಿದಿತ್ತು, ಆದರೂ ಎರಡನೇ ಸಲ ಕೆಂಪು ಮೂಡುವವರೆಗೆ ನಾನು ಕುರ್ಚಿ ಬಿಟ್ಟು ಏಳಲಿಲ್ಲ.